ದೇವರ ಅಪ್ಪಣೆ, ಸರ್ಕಾರದ ಆದೇಶ: ಜಾತ್ರೆ ಹೊತ್ತಿಗೆ ಏಳುವ ಪ್ರಶ್ನೆ

ಬನದ ಹುಣ್ಣಿಮೆ ಬಂತೆಂದರೆ ಉತ್ತರ ಕನ್ನಡದಲ್ಲಿ ಜಾತ್ರೆಗಳ ಕಾಲ ಶುರು. ಅಲ್ಲಿಂದ ಮಳೆ ಹಿಡಿಯುವ ತನಕ ತೇರು, ಹಬ್ಬ, ಬಂಡಿಹಬ್ಬ ಒಂದರ ಹಿಂದೆ ಒಂದು. ಅದರ ಜತೆಗೇ ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ಸುದ್ದಿಯೂ ಬರುತ್ತದೆ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ಕೊಡುವಂತಿಲ್ಲ. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವಂತಿಲ್ಲ. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತುವಂತಿಲ್ಲ. ನಡುವೆ ಗೋಕರ್ಣದ ದೇವಸ್ಥಾನದ ಆಡಳಿತ ಯಾರದ್ದು ಎಂಬ ಸುದ್ದಿ ಬೇರೆ.

ಓದಿದವರಲ್ಲಿ ಎರಡು ಮಾತು ಹುಟ್ಟುತ್ತವೆ. ‘ದೇವರ ಕೆಲಸಕ್ಕೂ ಸರ್ಕಾರದ ಪರವಾನಗಿ ಬೇಕಾ?’ ಎಂದು ಒಬ್ಬರು ಕೇಳುತ್ತಾರೆ. ‘ದೇವರ ಹೆಸರು ಹೇಳಿದರೆ ಕಾನೂನು ಮಾಫಿನಾ?’ ಎಂದು ಇನ್ನೊಬ್ಬರು. ಎರಡೂ ಪ್ರಾಮಾಣಿಕ ಪ್ರಶ್ನೆಗಳೇ. ಉತ್ತರ ಸಿಗದೇ ಹೋಗುವುದು ಬೇರೆ ಕಾರಣಕ್ಕೆ. ದೇವರು ದೊಡ್ಡವನೋ ಕಾನೂನು ದೊಡ್ಡದೋ ಎಂದು ಕೇಳುತ್ತಾ ಕೂತರೆ ಜಗಳ ಮುಗಿಯುವುದಿಲ್ಲ. ದೇವರ ಮಾತು ನಡೆಸುವಾಗ ಅದರ ಬೆಲೆ ಯಾರು ತೆರುತ್ತಾರೆ ಎಂದು ಕೇಳಿದರೆ ಹಲವು ಗಂಟುಗಳು ಬಿಚ್ಚಿಕೊಳ್ಳುತ್ತವೆ. ಇದೇ ಜಿಲ್ಲೆಯ ನಾಲ್ಕಾರು ಸಂಗತಿಗಳನ್ನು ಹತ್ತಿರದಿಂದ ನೋಡಿದರೆ ಅದು ಗೊತ್ತಾಗುತ್ತದೆ.

ಸಂವಿಧಾನ ಹೇಳಿದ್ದು ಎಷ್ಟು

ಮೊದಲು ಕಾನೂನಿನ ನೆಲ ಎಲ್ಲಿದೆ ನೋಡೋಣ. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ನಂಬಿಕೆಯಂತೆ ನಡೆಯುವ ಹಕ್ಕು ಕೊಡುತ್ತದೆ. ಆದರೆ ಆ ಹಕ್ಕು ಕೊಡುವ ಮೊದಲೇ ಒಂದು ಬೇಲಿ ಹಾಕುತ್ತದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳು ಆ ಬೇಲಿ. ಬೇರೆ ಹಲವು ಹಕ್ಕುಗಳ ವಿಧಿಗಳಲ್ಲಿ ಮೊದಲು ಹಕ್ಕು, ಆಮೇಲೆ ನಿರ್ಬಂಧ ಬರುತ್ತದೆ. ಇಲ್ಲಿ ನಿರ್ಬಂಧವೇ ಮುಂದೆ ನಿಂತಿದೆ. ಧಾರ್ಮಿಕ ಸಂಸ್ಥೆಗಳ ಹಣಕಾಸು, ಆಡಳಿತದಂಥ ಲೌಕಿಕ ವ್ಯವಹಾರಕ್ಕೆ ಸರ್ಕಾರ ನಿಯಮ ಮಾಡಬಹುದು, ಹಿಂದೂ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೂ ತೆರೆಸಬಹುದು ಎಂದೂ ಅದೇ ವಿಧಿ ಹೇಳುತ್ತದೆ. 26ನೇ ವಿಧಿ ಪಂಥಗಳಿಗೆ ತಮ್ಮ ಧಾರ್ಮಿಕ ವಿಷಯಗಳನ್ನು ತಾವೇ ನೋಡಿಕೊಳ್ಳುವ ಹಕ್ಕು ಕೊಡುತ್ತದೆ.

ಹಾಗಾದರೆ ಯಾವುದು ಧರ್ಮ, ಯಾವುದು ಬರೀ ಆಡಳಿತ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಮೊದಲ ದೊಡ್ಡ ಉತ್ತರ ಕೊಟ್ಟಿದ್ದು ನಮ್ಮ ಪಕ್ಕದ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ, 1954ರಲ್ಲಿ. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು ಕೋರ್ಟ್. ಮಠದ ಪರವಾಗಿ ಹೇಳಿದ ಮಾತು ಅದು. ಆದರೆ ನಿಧಾನವಾಗಿ ಅದೇ ಮಾತು ತಿರುಗಿಕೊಂಡಿತು. ಯಾವುದು ಅತ್ಯಗತ್ಯ, ಯಾವುದು ಅಲ್ಲ ಎಂದು ನ್ಯಾಯಮೂರ್ತಿಗಳೇ ತೀರ್ಮಾನಿಸುವ ಪದ್ಧತಿ ಬೆಳೆಯಿತು.

ಇನ್ನೊಂದು ತೀರ್ಪೂ ಕರಾವಳಿಯದ್ದೇ. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದ್ದು, ಒಳಗೆ ಯಾರು ಬರಬೇಕು ಎಂದು ಶಾಸ್ತ್ರದ ಪ್ರಕಾರ ನಾವೇ ಹೇಳುತ್ತೇವೆ ಎಂಬುದು ಅವರ ವಾದವಾಗಿತ್ತು. 1957ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಕೊಟ್ಟಿತು. ಪ್ರವೇಶವನ್ನು ಪಂಥದ ವಿಷಯ ಎಂದು ಒಪ್ಪಿತು, ಆದರೂ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕು ಎಂದಿತು. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಮಾತ್ರ ಸಮುದಾಯದವರಷ್ಟೇ ಇರಬಹುದು. ಶಾಸ್ತ್ರ ಸುಳ್ಳು ಎಂದು ಕೋರ್ಟ್ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಶಾಸ್ತ್ರ ಪಾಲಿಸುವಾಗ ಹೊರಗೆ ನಿಲ್ಲಬೇಕಾದವರು ಯಾರು ಎಂದು ನೋಡಿತು.

ಅಪ್ಪಣೆ ಬರುವುದು ಹೇಗೆ

ದೇವರ ಮಾತು ಎನ್ನುತ್ತೇವಲ್ಲ, ಅದು ನಮಗೆ ತಲುಪುವುದು ಹೇಗೆ? ಕರಾವಳಿಯಲ್ಲಿ ಇದಕ್ಕೆ ಒಂದು ಕ್ರಮವೇ ಇದೆ. ಮದುವೆ, ಮನೆ, ಜಾಗದ ತಕರಾರು ಏನೇ ಇರಲಿ, ದೇವರಲ್ಲಿ ಪ್ರಸಾದ ಕೇಳುತ್ತಾರೆ. ಕಾರವಾರದ ಕಡೆ ಕೊಂಕಣಿ ಮನೆಗಳಲ್ಲಿ ಕೌಲು ಕೇಳುವುದು ಎನ್ನುತ್ತಾರೆ. ಒದ್ದೆ ಮೂರ್ತಿಯ ಮೇಲೆ ಹೂವಿನ ಎಸಳನ್ನು ಅಂಟಿಸಿ ಎದುರು ಕೈಮುಗಿದು ನಿಲ್ಲುತ್ತಾರೆ. ಬಾಯಲ್ಲಿ ಯಾರೂ ಮಾತಾಡುವುದಿಲ್ಲ. ಎಸಳು ಒಣಗುತ್ತಾ ಜಾರುತ್ತದೆ. ಬಲಗಡೆಯದ್ದು ಬಿದ್ದರೆ ಸಾಮಾನ್ಯವಾಗಿ ಒಪ್ಪಿಗೆ ಎಂದು ಲೆಕ್ಕ. ಅರ್ಚಕರೋ, ಗ್ರಾಮದೇವರ ಪೂಜೆ ಮಾಡುವ ಗುನಗರೋ ಅದನ್ನು ಎತ್ತಿ ಕೈಗೆ ಕೊಟ್ಟು, ಆಯ್ತು ಎನ್ನುತ್ತಾರೆ. ಎಷ್ಟೋ ಜನರಿಗೆ ಆ ಒಂದು ಎಸಳು ತಾಲೂಕು ಕೋರ್ಟಿನ ತೀರ್ಪಿಗಿಂತ ದೊಡ್ಡದು. ಅದನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಇಲ್ಲಿ ಒಂದು ವಿಷಯ ನೋಡಿ. ಎಸಳು ಬೀಳಿಸುವುದು ದೇವರು ಎಂದೇ ಇಟ್ಟುಕೊಳ್ಳೋಣ. ಪ್ರಶ್ನೆ ಇಡುವವರು ಮನುಷ್ಯರು, ಉತ್ತರವನ್ನು ಬಿಡಿಸಿ ಹೇಳುವವರೂ ಮನುಷ್ಯರೇ. ‘ಈ ಸಲ ಕೋಳಿ ಕೊಡಲೋ ಕುರಿ ಕೊಡಲೋ’ ಎಂದು ಕೇಳಿದರೆ ಎರಡರಲ್ಲಿ ಒಂದು ಉತ್ತರ ಬರುತ್ತದೆ. ‘ತೆಂಗಿನಕಾಯಿ ಸಾಕಾ’ ಎಂದು ಕೇಳಿದರೆ ಅದಕ್ಕೂ ಉತ್ತರ ಇದೆ. ಧರ್ಮಗ್ರಂಥದ ಮಾತಿರಲಿ, ಗುರುಪೀಠದ ಮಾತಿರಲಿ, ಮೌಲವಿಯ ಮಾತಿರಲಿ, ಪಾದ್ರಿಯ ಮಾತಿರಲಿ, ಅದು ನಮಗೆ ತಲುಪುವುದು ಮನುಷ್ಯರ ಬಾಯಿಂದಲೇ. ಕಾನೂನು ತಡೆಯುವುದು ಆ ಮನುಷ್ಯ ಹೇಳಿದ್ದನ್ನು, ಮಾಡಿದ್ದನ್ನು. ದೇವರ ಮೇಲೆ ಯಾವ ಕೇಸೂ ಬೀಳುವುದಿಲ್ಲ.

ಶಿರಸಿಯ ಕೋಣ

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿ ರಥವೇರಿ ಬಿಡ್ಕಿಬೈಲಿಗೆ ಬಂದು ಗದ್ದುಗೆಯಲ್ಲಿ ಕೂರುತ್ತಾಳೆ. ಘಟ್ಟದ ಮೇಲಿನವರು, ಕೆಳಗಿನವರು, ಹಾವೇರಿ ಹುಬ್ಬಳ್ಳಿ ಕಡೆಯವರು ಲಕ್ಷಗಟ್ಟಲೆ ಬರುತ್ತಾರೆ. ಹಿಂದೆ ಈ ಜಾತ್ರೆಯಲ್ಲಿ ಕೋಣ ಕಡಿಯುತ್ತಿದ್ದರು. ಮಾರಿ ಕೋಣ ಬೇಡುತ್ತಾಳೆ, ಕೊಡದಿದ್ದರೆ ಊರಿಗೆ ಬೇನೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಸಿಡುಬು, ಕಾಲರಾ ಊರಿಗೂರೇ ಗುಡಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಆ ಭಯವನ್ನು ಮೂಢನಂಬಿಕೆ ಎಂದು ಸುಮ್ನೆ ತಳ್ಳಿಹಾಕಿದರೆ ವಿಷಯ ಅರ್ಥ ಆಗುವುದಿಲ್ಲ.

1934ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಗಾಂಧೀಜಿ ದೇಶ ಸುತ್ತುತ್ತಿದ್ದಾಗ ಶಿರಸಿಗೂ ಬಂದರು. ಮಾರಿಕಾಂಬೆಯ ಮುಂದೆ ನಡೆಯುವ ಬಲಿಯ ವಿಷಯ ಆಗ ಚರ್ಚೆಗೆ ಬಂತು. ಊರಿನ ಹಿರಿಯರು, ದೇವಸ್ಥಾನ ನಡೆಸುತ್ತಿದ್ದವರು, ಗಾಂಧಿ ದಾರಿಯ ಶಿಕ್ಷಕರು ಸೇರಿ ಅದನ್ನು ನಿಲ್ಲಿಸುವ ಕೆಲಸಕ್ಕೆ ಕೈಹಾಕಿದರು. ಕೋಣ ಕಡಿಯುವುದು ನಿಂತಿತು. ರಾಜ್ಯದಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆ ಬಂದದ್ದು 1959ರಲ್ಲಿ, ಅದರ ನಿಯಮಗಳು 1963ರಲ್ಲಿ, ತಿದ್ದುಪಡಿ 1975ರಲ್ಲಿ. ಅಂದರೆ ಕಾನೂನು ಶಿರಸಿಗೆ ಬರುವ ಎಷ್ಟೋ ವರ್ಷ ಮೊದಲೇ ಊರು ತನ್ನ ದೇವಿಗೆ ಬೇರೆ ಪ್ರಶ್ನೆ ಇಟ್ಟು, ಬೇರೆ ಉತ್ತರ ಪಡೆದಿತ್ತು.

ಈಗ ಏನು ನಡೆಯುತ್ತದೆ? ದೇವಿಗೆ ಬಿಟ್ಟ ಪಟ್ಟದ ಕೋಣ ಒಂದಿರುತ್ತದೆ. ಅದನ್ನು ಸಾಕುತ್ತಾರೆ, ಪೂಜಿಸುತ್ತಾರೆ. ಬಲಿಯ ವಿಧಿಯ ಹೊತ್ತಿಗೆ ಅದರ ಮೈಯಿಂದ ಸೂಜಿಯಲ್ಲಿ ಸ್ವಲ್ಪ ರಕ್ತ ತೆಗೆದು ದೇವಿಗೆ ಅರ್ಪಿಸುತ್ತಾರೆ. ಜಾತ್ರೆ ಮುಗಿದ ಮೇಲೆ ಕೋಣ ಬದುಕಿರುತ್ತದೆ. ಡಾಕ್ಟರು ರಕ್ತ ಪರೀಕ್ಷೆಗೆ ತೆಗೆಯುವಂಥ ಆ ಒಂದು ಸಿರಿಂಜಿನಲ್ಲಿ ಹಳೆಯ ಹರಕೆಯೂ ಇದೆ, ಕಾನೂನೂ ಇದೆ. ದೇವಿಗೆ ಕೊಡಬೇಕಾದ್ದು ಕೊಟ್ಟಾಯಿತು, ಬೆಲೆ ತೆರಬೇಕಾಗಿದ್ದ ಮೂಕ ಪ್ರಾಣಿ ಉಳಿಯಿತು. ಇಡೀ ವಿವಾದದಲ್ಲಿ ಇಷ್ಟು ಚೆಂದದ ಪರಿಹಾರ ಇನ್ನೊಂದು ಸಿಗುವುದು ಕಷ್ಟ. ಅದನ್ನು ಕಂಡುಹಿಡಿದದ್ದು ಕೋರ್ಟೂ ಅಲ್ಲ, ಸರ್ಕಾರವೂ ಅಲ್ಲ.

ಆದರೂ ಗೊಂದಲ ಪೂರ್ತಿ ಹೋಗಿಲ್ಲ. 1959ರ ಕಾಯ್ದೆ ನೋಡುವುದು ದೇವಸ್ಥಾನ, ಅದರ ಆವರಣ ಮತ್ತು ದೇವರನ್ನು ಮೆಚ್ಚಿಸುವ ಉದ್ದೇಶ. ಅದೇ ಕೋಳಿಯನ್ನು ಮನೆಗೆ ಒಯ್ದು ಊಟಕ್ಕೆ ಕೊಯ್ದರೆ ಆ ಕಾಯ್ದೆ ಕೇಳುವುದಿಲ್ಲ. ಇನ್ನೊಂದು ಕಡೆ, ಪ್ರಾಣಿ ಹಿಂಸೆ ತಡೆಯುವ 1960ರ ಕೇಂದ್ರ ಕಾಯ್ದೆಯ 28ನೇ ಸೆಕ್ಷನ್, ಯಾವುದೇ ಸಮುದಾಯದ ಧರ್ಮ ಹೇಳುವ ರೀತಿಯಲ್ಲಿ ಪ್ರಾಣಿ ಕೊಲ್ಲುವುದನ್ನು ಆ ಕಾಯ್ದೆಯಡಿ ಅಪರಾಧ ಎನ್ನುವುದಿಲ್ಲ. ರಾಜ್ಯದ ಕಾಯ್ದೆ ಬೇಡ ಅನ್ನುತ್ತದೆ, ಕೇಂದ್ರದ ಕಾಯ್ದೆ ಬಿಟ್ಟುಬಿಡುತ್ತದೆ. ಕೇರಳದಲ್ಲಿಯೂ 1968ರ ಇಂಥದ್ದೇ ನಿಷೇಧ ಕಾಯ್ದೆ ಇದೆ. ಇದೇ ತೊಡಕನ್ನು ಮುಂದಿಟ್ಟು ಅದರ ವಿರುದ್ಧ ಹೋದ ಅರ್ಜಿಯನ್ನು 2020ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಂಡಿತು.

‘ಹಾಗಾದರೆ ಬಕ್ರೀದ್‌ಗೆ ಯಾಕಿಲ್ಲ?’ ಎಂಬ ಪ್ರಶ್ನೆ ಜಾತ್ರೆಯ ಪೇಟೆಯಲ್ಲಿ ಪ್ರತಿ ಸಲ ಏಳುತ್ತದೆ. ನೇರವಾಗಿ ಉತ್ತರಿಸಬೇಕು. ಆ ರಾಜ್ಯ ಕಾಯ್ದೆ ಬರೆದಿರುವುದೇ ಹಿಂದೂ ದೇವಸ್ಥಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಹಾಗೆಂದು ಕುರ್ಬಾನಿಗೆ ಯಾವ ಮಿತಿಯೂ ಇಲ್ಲ ಎಂದಲ್ಲ. ಬಕ್ರೀದ್‌ಗೆ ಹಸುವನ್ನೇ ಕೊಡಬೇಕೆಂಬುದು ಇಸ್ಲಾಮಿನಲ್ಲಿ ಕಡ್ಡಾಯವಲ್ಲ ಎಂದು 1958ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಗೋಹತ್ಯೆ ನಿಷೇಧ ಎಲ್ಲರಿಗೂ ಅನ್ವಯಿಸುತ್ತದೆ. ಆದರೂ ಒಂದೇ ಬಗೆಯ ಕೆಲಸಕ್ಕೆ ಬೇರೆ ಬೇರೆ ಅಳತೆಗೋಲು ಇದ್ದಂತೆ ಕಂಡಾಗ ಜನರ ಮನಸ್ಸಿನಲ್ಲಿ ಕಾನೂನಿನ ಬೆಲೆ ಇಳಿಯುತ್ತದೆ. ಈ ದೂರು ನ್ಯಾಯದ್ದೇ. ಶಾಸಕರು ಅದಕ್ಕೆ ಕಿವಿಗೊಟ್ಟು ಕಾಯ್ದೆಗಳನ್ನು ಒಟ್ಟಿಗಿಟ್ಟು ನೋಡಬೇಕಾದ ಕೆಲಸ ಬಾಕಿ ಇದೆ.

ಕೂರ್ಮಗಡದ ದೋಣಿ

ಕಾರವಾರದ ಕಡಲಿನಲ್ಲಿ ಕೂರ್ಮಗಡ ಎಂಬ ನಡುಗಡ್ಡೆ ಇದೆ. ಅಲ್ಲಿ ನರಸಿಂಹ ದೇವರು. ವರ್ಷಕ್ಕೊಮ್ಮೆ ಬನದ ಹುಣ್ಣಿಮೆಗೆ ಜಾತ್ರೆ. ಮೀನುಗಾರರು ದೋಣಿ ಸಿಂಗರಿಸಿ, ಬಾಳೆಗೊನೆ ಹೊತ್ತು ಹೋಗುತ್ತಾರೆ. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ.

2019ರ ಜನವರಿ 21ರಂದು ಆ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿತು. 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳಿದ್ದರು. ದೋಣಿಯಲ್ಲಿ ಜನ ಜಾಸ್ತಿ ಇದ್ದರು, ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಆಮೇಲಿನ ಜಾತ್ರೆಗಳಿಗೆ ಲೈಫ್ ಜಾಕೆಟ್ ಕಡ್ಡಾಯ ಎಂಬ ಮಾತು ಬಂದದ್ದು ಈ ಕಾರಣಕ್ಕೆ.

ದೇವರ ದರ್ಶನಕ್ಕೆ ಹೋಗುವಾಗ ದೇವರೇ ಕಾಯುತ್ತಾನೆ ಎನ್ನುವುದು ಕಡಲಿಗಿಳಿಯುವವರ ಮನೆಯಲ್ಲಿ ಬರೀ ಬಾಯಿಮಾತಲ್ಲ. ಪ್ರತಿದಿನ ಅದೇ ಧೈರ್ಯದ ಮೇಲೆ ಬಲೆ ಹಾಕುತ್ತಾರೆ. ಆದರೆ ಕಡಲು ಗೊತ್ತಿರುವ ಮೀನುಗಾರ ತನ್ನ ಜೀವದ ಹೊಣೆ ತಾನು ಹೊರುವುದು ಒಂದು. ಬಯಲುಸೀಮೆಯಿಂದ ಬಂದು ಮೊದಲ ಸಲ ದೋಣಿ ಹತ್ತಿದ ಕುಟುಂಬ, ತಾಯಿಯ ತೊಡೆಯ ಮೇಲೆ ಕೂತ ಮಗು ಇವರ ವಿಷಯ ಬೇರೆ. ಆ ಮಗು ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ಇಲ್ಲಿ ಕಾನೂನು ನರಸಿಂಹನಿಗೆ ಎದುರು ನಿಂತಿಲ್ಲ. ಜಾತ್ರೆ ಬೇಡ ಎಂದೂ ಹೇಳುತ್ತಿಲ್ಲ. ಒಂದು ದೋಣಿಗೆ ಎಷ್ಟು ಜನ ಎಂದು ಎಣಿಸುತ್ತದೆ, ಅಷ್ಟೇ. ಆ ಎಣಿಕೆಯನ್ನು ಒಂದು ವರ್ಷವೂ ಸಡಿಲ ಬಿಡಬಾರದು.

ಗೋಕರ್ಣದಲ್ಲಿ ಕೀಲಿಕೈ ಯಾರದ್ದು

ಗೋಕರ್ಣದ ಸುದ್ದಿ ಬಹಳ ಜನರಿಗೆ ತಲೆಬುಡ ಗೊತ್ತಾಗದಂತೆ ಆಗಿದೆ. ಕ್ರಮವಾಗಿ ಹೇಳುವುದಾದರೆ ಹೀಗೆ. 2008ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಮಹಾಬಲೇಶ್ವರ ದೇವಸ್ಥಾನವನ್ನು ತನ್ನ ಮುಜರಾಯಿ ಇಲಾಖೆಯ ಅಧಿಸೂಚಿತ ದೇವಸ್ಥಾನಗಳ ಪಟ್ಟಿಯಿಂದ ತೆಗೆದು ಹೊಸನಗರದ ರಾಮಚಂದ್ರಾಪುರ ಮಠಕ್ಕೆ ಒಪ್ಪಿಸಿತು. ದೇವಸ್ಥಾನ ಪರಂಪರೆಯಿಂದ ತಮ್ಮ ಪೀಠಕ್ಕೇ ಸೇರಿದ್ದು ಎಂಬುದು ಮಠದ ನಿಲುವು. ಅಲ್ಲಿ ಪೂಜೆ ಮಾಡಿಸುವ ಉಪಾಧಿವಂತರಲ್ಲಿ ಹಲವರು ಮತ್ತು ಊರಿನ ಕೆಲವರು ವಿರೋಧಿಸಿದರು. ಇದು ಸಾರ್ವಜನಿಕ ದೇವಸ್ಥಾನ, ಒಂದು ಮಠಕ್ಕೆ ಬರೆದುಕೊಡಲು ಸರ್ಕಾರಕ್ಕೆ ಅಧಿಕಾರ ಇಲ್ಲ ಎಂದು ಕೋರ್ಟಿಗೆ ಹೋದರು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಹಸ್ತಾಂತರದ ಆದೇಶವನ್ನು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸ್ವಲ್ಪ ಕಾಲ ಮಠದ ಆಡಳಿತವೇ ಮುಂದುವರಿಯಿತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಉಸ್ತುವಾರಿ ಸಮಿತಿಗೆ ಆಡಳಿತ ವಹಿಸಿತು.

ಇದರಲ್ಲಿ ಸರ್ಕಾರ ಎರಡೂ ಪಾತ್ರದಲ್ಲಿ ಕಾಣಿಸುತ್ತದೆ. ಒಮ್ಮೆ ದೇವಸ್ಥಾನ ತನ್ನದೆನ್ನುತ್ತದೆ, ಒಮ್ಮೆ ಗುರುಪೀಠಕ್ಕೆ ಕೊಡುತ್ತದೆ. ಹಾಗಾಗಿ ಇದನ್ನು ಸರ್ಕಾರಕ್ಕೂ ದೇವರಿಗೂ ನಡೆದ ಜಗಳ ಎನ್ನಲು ಬರುವುದಿಲ್ಲ. ದೇವರ ಪರವಾಗಿ ಮಾತಾಡುವ ಹಕ್ಕು ಯಾರದ್ದು ಎಂಬ ಜಗಳ ಇದು. ಗುರುವಿನ ಆದೇಶವೇ ದೇವರ ಆದೇಶ ಎಂದು ನಂಬುವ ಶಿಷ್ಯರಿದ್ದಾರೆ, ತಲೆತಲಾಂತರದಿಂದ ಲಿಂಗದ ಮುಂದೆ ಕೂತವರಿದ್ದಾರೆ. ಇಬ್ಬರೂ ಮಹಾಬಲೇಶ್ವರನ ಹೆಸರನ್ನೇ ಹೇಳುತ್ತಾರೆ.

ನಮ್ಮ ಕಾನೂನಿನಲ್ಲಿ ಇದಕ್ಕೊಂದು ವಿಚಿತ್ರ ಅನ್ನಿಸುವ ಉತ್ತರ ಇದೆ. ದೇವಸ್ಥಾನದ ದೇವರು ಒಬ್ಬ ಕಾನೂನುಬದ್ಧ ವ್ಯಕ್ತಿ. ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ಆದರೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ಕಾರಣ ಅಪ್ರಾಪ್ತ ವಯಸ್ಕನಂತೆ ಎಣಿಸುತ್ತಾರೆ. ಜಗತ್ತನ್ನೇ ಕಾಯುವವನನ್ನು ಮಗುವಿನ ಲೆಕ್ಕಕ್ಕೆ ಹಿಡಿಯುವುದು ಭಕ್ತರಿಗೆ ಕಿರಿಕಿರಿ ಅನ್ನಿಸಬಹುದು. ಅದರ ಉದ್ದೇಶ ಮಾತ್ರ ಒಳ್ಳೆಯದು. ಮಗುವಿನ ಆಸ್ತಿಯನ್ನು ಪೋಷಕ ತನ್ನದೆಂದು ಬಳಸಿದರೆ ಕೋರ್ಟು ಕೇಳುತ್ತದೆ. ದೇವರ ಆಸ್ತಿಗೂ ಹಾಗೇ. ಮಠವೇ ನಡೆಸಲಿ, ಇಲಾಖೆಯೇ ನಡೆಸಲಿ, ಸಮಿತಿಯೇ ನಡೆಸಲಿ, ಹುಂಡಿಯ ಲೆಕ್ಕ ಕೊಡಬೇಕು.

ಹತ್ತು ಗಂಟೆಯ ಮೈಕ್

ಇದನ್ನು ಚಿಕ್ಕದಾಗಿ ಹೇಳಿದರೆ ಸಾಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯ ತನಕ ಸರ್ಕಾರ ಸಡಿಲಿಕೆ ಕೊಡಬಹುದು. 2022ರಲ್ಲಿ ಆಜಾನ್ ವಿವಾದ ಎದ್ದಾಗ ಈ ನಿಯಮ ಮಸೀದಿಗಷ್ಟೇ ಎಂಬಂತೆ ಮಾತು ನಡೆಯಿತು. ಆದರೆ ನಿಯಮಕ್ಕೆ ಧರ್ಮ ಗೊತ್ತಿಲ್ಲ. ಕರಾವಳಿಯಲ್ಲಿ ಅದು ಬಲವಾಗಿ ತಟ್ಟಿದ್ದು ಯಕ್ಷಗಾನಕ್ಕೆ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆಯಾಗಿ, ಬೆಳಗಿನ ಜಾವದ ತನಕ ನಡೆಯಬೇಕಾದ ಹರಕೆಯಾಟಗಳು ಕಾಲಮಿತಿಗೆ ಬಂದವು. ದೇವರಿಗೆ ರಾತ್ರಿಯಿಡೀ ಆಟ ಆಡಿಸುತ್ತೇನೆ ಎಂದು ಹರಕೆ ಹೊತ್ತವರಿಗೆ ನೋವಾಗಿದೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿ, ಹಾಸಿಗೆ ಹಿಡಿದ ಅಜ್ಜಿ ನಿಟ್ಟುಸಿರು ಬಿಟ್ಟಿದ್ದಾರೆ. ಚೆಂಡೆಗೆ ಮೈಕ್ ಬೇಕೇ ಬೇಕು ಎಂದು ಯಾವ ದೇವರೂ ಕೇಳಿಲ್ಲ ಎಂಬುದೂ ನಿಜ.

ನಂಬುವವರ ವಾದ, ಕಾನೂನಿನವರ ವಾದ

ನಂಬುವವರ ವಾದದಲ್ಲಿ ಗಟ್ಟಿಯಾದ ತಿರುಳಿದೆ. ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಕಾನೂನು ಇವತ್ತು ಒಂದು, ನಾಳೆ ಒಂದು. ಬ್ರಿಟಿಷರ ಕಾಲದ ಕಾನೂನು ಅನ್ಯಾಯ ಎಂದು ಈಗ ಒಪ್ಪುತ್ತೇವಲ್ಲ. ಹಾಗಾದರೆ ಕಾನೂನನ್ನೂ ಅಳೆಯುವ ಒಂದು ಮೇಲಿನ ಅಳತೆ ಬೇಕು. ಅದನ್ನು ಕೆಲವರು ಧರ್ಮ ಎನ್ನುತ್ತಾರೆ, ಕೆಲವರು ದೇವರ ವಾಕ್ಯ, ಕೆಲವರು ಅಂತರಾತ್ಮ. ಅದನ್ನು ಪೂರ್ತಿ ಅಳಿಸಿಬಿಟ್ಟರೆ ಅಧಿಕಾರದಲ್ಲಿ ಇದ್ದವರು ಹೇಳಿದ್ದೇ ಸರಿ ಎಂದಾಗುತ್ತದೆ. ಇನ್ನೊಂದು ಮಾತೂ ಇದೆ. ಆಗಮವನ್ನೋ ಕುರಾನನ್ನೋ ಜೀವಮಾನವಿಡೀ ಓದಿದವರನ್ನು ಬಿಟ್ಟು, ಯಾವ ಆಚರಣೆ ಅತ್ಯಗತ್ಯ ಎಂದು ನ್ಯಾಯಮೂರ್ತಿಗಳು ಹೇಳುವುದು ಸರಿಯೇ? ಶಬರಿಮಲೆ ತೀರ್ಪಿನ ನಂತರ 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಅದಕ್ಕಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಚನೆಯಾಯಿತು. ಅಂದರೆ ಕೋರ್ಟಿಗೂ ಈ ಅಳುಕು ಇದೆ.

ಸರ್ಕಾರದ ಕೈ ನಂಬಿಕೆಯ ಮೇಲೆ ಭಾರವಾಗಿ ಬೀಳುವುದೂ ಉಂಟು. ಕಾರವಾರದ ಹತ್ತಿರದ ಬಿಣಗಾದ ಮುಂದೆ ಕಾಣುವ ಅಂಜುದೀವ ದ್ವೀಪ ಆಡಳಿತಕ್ಕೆ ಗೋವಾದ್ದು, ಈಗ ನೌಕಾಪಡೆಯ ವಶದಲ್ಲಿದೆ. ಅಲ್ಲಿನ ಪೋರ್ಚುಗೀಸರ ಕಾಲದ ಚರ್ಚಿಗೆ ಹಬ್ಬಕ್ಕೆ ಹೋಗುತ್ತಿದ್ದ ಕ್ರೈಸ್ತರು ಈಗ ಸುಲಭಕ್ಕೆ ಹೋಗುವಂತಿಲ್ಲ. ದೇಶದ ಭದ್ರತೆ ಎಂಬ ಕಾರಣ ದೊಡ್ಡದೇ. ಆದರೆ ಇಲ್ಲಿ ಬೆಲೆ ತೆರುತ್ತಿರುವವರು ಭಕ್ತರು. ವರ್ಷಕ್ಕೆ ಒಂದು ದಿನವಾದರೂ ದಾರಿ ಮಾಡಿಕೊಡಲು ಆಗುತ್ತದೆಯಾ ಎಂದು ಯೋಚಿಸುವ ಹೊಣೆ ಸರ್ಕಾರದ್ದು.

ಕಾನೂನಿನ ಪರ ಇರುವವರು ಹೇಳುವುದು ಇಷ್ಟು. ಒಂದೇ ಊರಿನಲ್ಲಿ ಹತ್ತು ನಂಬಿಕೆಯವರು ಬದುಕುತ್ತಾರೆ. ಭಟ್ಕಳದಲ್ಲೋ ಕಾರವಾರದಲ್ಲೋ ಒಂದೇ ಬೀದಿಯಲ್ಲಿ ದೇವಸ್ಥಾನ, ಮಸೀದಿ, ಇಗರ್ಜಿ ಸಿಗುತ್ತವೆ. ಪ್ರತಿಯೊಬ್ಬರೂ ನನ್ನ ದೇವರ ಅಪ್ಪಣೆಯೇ ಕೊನೆ ಎಂದರೆ ಆ ಬೀದಿಯಲ್ಲಿ ಯಾರ ದೇವರ ಮಾತು ನಡೆಯಬೇಕು? ಜನ ಜಾಸ್ತಿ ಇದ್ದವರದ್ದು ಎಂದಾದರೆ ಅದು ದೇವರ ಆಳ್ವಿಕೆ ಆಗುವುದಿಲ್ಲ, ಬಲದ ಆಳ್ವಿಕೆ ಆಗುತ್ತದೆ. ತನ್ನ ನಂಬಿಕೆಯನ್ನು ಉಳಿಸಿಕೊಳ್ಳಲು ಕಡಿಮೆ ಜನ ಇರುವವರಿಗೇ ಕಾನೂನಿನ ಆಸರೆ ಹೆಚ್ಚು ಬೇಕು.

ಕೇರಳದ ಮೂವರು ಮಕ್ಕಳ ಪ್ರಕರಣ ಈ ಮಾತಿಗೆ ಸಾಕ್ಷಿ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಅವರು. ದೇವರನ್ನು ಬಿಟ್ಟು ಬೇರೆ ಯಾವುದನ್ನೂ ಸ್ತುತಿಸಿ ಹಾಡುವಂತಿಲ್ಲ ಎಂಬುದು ಅವರ ನಂಬಿಕೆ. ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ತೆಗೆದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಅವರ ನಂಬಿಕೆ ನ್ಯಾಯಮೂರ್ತಿಗಳಿಗೆ ಒಪ್ಪಿಗೆಯಾಗಬೇಕು ಎಂದೇನಿರಲಿಲ್ಲ. ಅದು ಮನಸ್ಸಿನಿಂದ ಬಂದದ್ದಾ, ಅದರಿಂದ ಬೇರೆಯವರಿಗೆ ತೊಂದರೆ ಇದೆಯಾ ಎಂಬುದು ಮುಖ್ಯವಾಯಿತು. ಯಾರಿಗೂ ತೊಂದರೆ ಇರಲಿಲ್ಲ. ಬೆಲೆ ತೆತ್ತದ್ದು ಆ ಮಕ್ಕಳೇ, ತಮ್ಮ ಓದನ್ನು ಕಳೆದುಕೊಂಡು.

ಅಂಕೋಲೆಯ ಉಪ್ಪು

ಕಾನೂನು ಮುರಿಯುವುದು ಈ ಜಿಲ್ಲೆಗೆ ಹೊಸದಲ್ಲ. ಅದರಲ್ಲಿ ಹೆಮ್ಮೆಪಡುವ ಚರಿತ್ರೆಯೇ ನಮಗಿದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲತೀರದಲ್ಲಿ ಜನ ಉಪ್ಪು ಮಾಡಿದರು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದರು. ತೀರ್ವೆ ಕೊಡುವುದಿಲ್ಲ ಎಂದರು. ಸರ್ಕಾರ ಮನೆ ಜಪ್ತಿ ಮಾಡಿತು, ದನ ಹಿಡಿದುಕೊಂಡು ಹೋಯಿತು, ಜಮೀನು ಹರಾಜು ಹಾಕಿತು. ಹೆಂಗಸರು, ಗಂಡಸರು ಜೈಲಿಗೆ ಹೋದರು. ಅವರಲ್ಲಿ ಹೆಚ್ಚಿನವರು ದೈವಭಕ್ತರು, ಸತ್ಯಾಗ್ರಹ ಅವರಿಗೆ ವ್ರತದ ಹಾಗೆ ಇತ್ತು.

ಈಗ ಯಾರಾದರೂ ‘ದೇವರ ಮಾತಿಗಾಗಿ ಕಾನೂನು ಮೀರುತ್ತೇವೆ’ ಎಂದಾಗ ಈ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಸತ್ಯಾಗ್ರಹಿಗಳು ಮುಚ್ಚುಮರೆ ಮಾಡಲಿಲ್ಲ, ದಿನ ಹೇಳಿ ಮುರಿದರು. ಶಿಕ್ಷೆ ತಪ್ಪಿಸಿಕೊಳ್ಳಲು ಓಡಲಿಲ್ಲ. ಎಲ್ಲಕ್ಕಿಂತ ಮುಖ್ಯ, ಕಳೆದುಕೊಂಡದ್ದು ತಮ್ಮದನ್ನು. ತಮ್ಮ ಗದ್ದೆ, ತಮ್ಮ ದನ, ತಮ್ಮ ದಿನಗಳು. ದೇವಸ್ಥಾನದ ಹೊರಗೆ ದಲಿತರನ್ನು ನಿಲ್ಲಿಸಿ ಇದು ಶಾಸ್ತ್ರ ಎನ್ನುವವರು ತಮ್ಮದೇನನ್ನೂ ಕಳೆದುಕೊಳ್ಳುವುದಿಲ್ಲ. ಆ ಶಾಸ್ತ್ರದ ಬೆಲೆಯನ್ನು ಹೊರಗೆ ನಿಂತವರು ತೆರುತ್ತಾರೆ. ಹೊರನೋಟಕ್ಕೆ ಎರಡೂ ಕಡೆಯವರು ಕಾನೂನಿಗಿಂತ ದೊಡ್ಡದಕ್ಕೆ ತಲೆಬಾಗುತ್ತೇವೆ ಎನ್ನುತ್ತಾರೆ. ಎರಡೂ ಒಂದೇ ಎಂದು ಒಪ್ಪಲು ಸಾಧ್ಯವೇ ಇಲ್ಲ.

ಮುಂದೆ ಆಗಬಹುದಾದದ್ದು

ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದಿರುವ ಪ್ರಶ್ನೆಗಳಿಗೆ ಸಿಗುವ ಉತ್ತರ ಊರೂರಿನ ದೇವಸ್ಥಾನದ ತನಕ ತಲುಪುತ್ತದೆ. ಅತ್ಯಗತ್ಯ ಆಚರಣೆ ಎಂಬ ಪರೀಕ್ಷೆಯನ್ನು ಕೋರ್ಟ್ ಕೈಬಿಟ್ಟರೆ ಇನ್ನು ಮುಂದೆ ಆಚರಣೆ ಅತ್ಯಗತ್ಯವೋ ಅಲ್ಲವೋ ಎಂಬ ವಾದ ಕಡಿಮೆಯಾಗಿ, ಅದರಿಂದ ಯಾರಿಗೆ ಏನು ತೊಂದರೆ ಎಂಬ ವಾದ ಮುಂದೆ ಬರುತ್ತದೆ. ಆಗ ಬಲಿ ನಿಷೇಧದಂಥ ಕಾಯ್ದೆಗಳನ್ನು ಸರ್ಕಾರ ಹೊಸ ಕಾರಣ ಕೊಟ್ಟು ಸಮರ್ಥಿಸಬೇಕಾಗಬಹುದು. ಪರೀಕ್ಷೆಯನ್ನು ಉಳಿಸಿಕೊಂಡರೆ, ಬರಹದಲ್ಲಿ ಶಾಸ್ತ್ರ ಇರುವ ದೊಡ್ಡ ಸಂಪ್ರದಾಯಗಳಿಗೆ ಅನುಕೂಲ. ಪುಸ್ತಕವೇ ಇಲ್ಲದ ಗ್ರಾಮದೇವತೆಗಳ ಆಚರಣೆಗೆ ಕಷ್ಟ. ಜಟಗ, ಬೀರ, ಚೌಡಿಯ ಬನಕ್ಕೆ ಯಾವ ಗ್ರಂಥದ ಶ್ಲೋಕ ತೋರಿಸುವುದು? ಈ ಅಂಶಕ್ಕೆ ಚರ್ಚೆಯಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಜಿಲ್ಲೆಯ ಮಟ್ಟದಲ್ಲಿ ಆಗುವುದು ಇನ್ನೂ ಸರಳ. ಜಾತ್ರೆಗೆ ವಾರ ಇರುವಾಗ ಗೋಡೆಗೆ ನೋಟಿಸ್ ಅಂಟಿಸಿ, ಆ ದಿನ ಪೊಲೀಸರನ್ನು ನಿಲ್ಲಿಸಿದರೆ ಜನ ಕೋಳಿಯನ್ನು ಚೀಲದಲ್ಲಿ ಮುಚ್ಚಿಟ್ಟು ತರುತ್ತಾರೆ. ಕಾನೂನೂ ಸೋಲುತ್ತದೆ, ದೇವರ ಮುಂದೆ ಕದ್ದು ನಿಂತ ಸಂಕಟವೂ ಉಳಿಯುತ್ತದೆ. ಜಾತ್ರೆಗೆ ಬಹಳ ಮೊದಲೇ ಊರವರು, ಗುನಗರು, ದೇವಸ್ಥಾನದ ಸೇವೆಯ ಹಕ್ಕುಳ್ಳ ಬಾಬುದಾರರನ್ನು ಕೂರಿಸಿ ಮಾತಾಡಿದರೆ ಶಿರಸಿಯ ಸಿರಿಂಜಿನಂಥ ದಾರಿ ಅವರೇ ಹುಡುಕುತ್ತಾರೆ. ಹಾಗೆ ಹುಡುಕಿದ ದಾರಿಗೆ ಪೊಲೀಸರ ಕಾವಲು ಬೇಕಾಗುವುದಿಲ್ಲ.

ದೇವರ ಅಪ್ಪಣೆ, ಸರ್ಕಾರದ ಆದೇಶ ಎರಡೂ ಒಂದೇ ಮಾತು ಹೇಳುವ ದಿನಗಳೂ ಈ ತೀರದಲ್ಲಿ ಇವೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಯಿಡುವ ಕಾಲ, ತೂಫಾನಿನ ಕಾಲ. ಕಾನೂನು ಬರೆಯುವ ಎಷ್ಟೋ ಮೊದಲಿನಿಂದ ಮೀನುಗಾರರ ಮನೆಗಳಲ್ಲಿ ಮಳೆಗಾಲದ ಸಮುದ್ರಕ್ಕೆ ಕೈ ಹಾಕಬಾರದು ಎಂಬ ಕಟ್ಟಳೆ ಇತ್ತು. ಶ್ರಾವಣದ ನೂಲು ಹುಣ್ಣಿಮೆಗೆ ಕಾರವಾರದ ತೀರದಲ್ಲಿ ಜನ ಸೇರುತ್ತಾರೆ. ತೆಂಗಿನಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಮೊಣಕಾಲು ನೀರಿಗಿಳಿದು, ತೆರೆಗೆ ಒಪ್ಪಿಸುತ್ತಾರೆ. ಕಾಯಿ ಒಮ್ಮೆ ದಡಕ್ಕೆ ಮರಳಿ ಬರುತ್ತದೆ. ಮತ್ತೆ ಎತ್ತಿ ಇನ್ನೂ ಸ್ವಲ್ಪ ಮುಂದೆ ಹೋಗಿ ಬಿಡುತ್ತಾರೆ. ಅದು ತೇಲಿ ಒಳಗೆ ಹೋಗುವ ತನಕ ನಿಂತು ನೋಡಿ, ಆಮೇಲೆ ಬಲೆ ಬಿಡಿಸಲು ಕೂರುತ್ತಾರೆ.